ದ್ರಾಕ್ಷಿ ಹಿಪ್ಪೆಯಿಂದ ಬಾಯಿ ಹುಣ್ಣಿಗೆ ಜೆಲ್: ನನ್ನ ಅನುಭವ

ಕುತ್ತಿಗೆಗೆ ರೇಡಿಯೇಷನ್ ಶುರುವಾದ ಮೂರನೇ ವಾರಕ್ಕೆ ದೊಡ್ಡಮ್ಮ ಊಟ ಬಿಟ್ಟರು. ಬಾಯಿ ತುಂಬ ಹುಣ್ಣು. ಉಪ್ಪು ಹಾಕದ ಗಂಜಿಯೂ ಉರಿಯುತ್ತಿತ್ತು. ಗಣಿಕೆ ಸೊಪ್ಪಿನ ತಂಬುಳಿ, ತುಪ್ಪ, ಜೇನು ಎಲ್ಲ ಆಯಿತು. ನಾನಾಗ ಬೆಂಗಳೂರಿನಲ್ಲಿ ಔಷಧ ವಿಜ್ಞಾನದ ಎಂ.ಫಾರ್ಮ್ ಓದುತ್ತಿದ್ದೆ, ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೆ. ಆ ಬಾಯಿ ನೋಡಿದ ಮೇಲೆ ಹುಡುಕಾಟ ನಿಂತಿತು.

ರೇಡಿಯೇಷನ್ ಬಿದ್ದ ಜಾಗದಲ್ಲಿ ಜೀವಕೋಶಗಳನ್ನು ಘಾಸಿ ಮಾಡುವ ಫ್ರೀ ರಾಡಿಕಲ್‌ಗಳು ಹುಟ್ಟುತ್ತವೆ. ಹುಣ್ಣಿನ ಕತೆ ಅಲ್ಲಿಂದಲೇ ಶುರು. ಅವನ್ನು ಅಡಗಿಸುವ ಸಸ್ಯ ಪದಾರ್ಥಗಳಾದ ಪಾಲಿಫಿನಾಲ್‌ಗಳು ದ್ರಾಕ್ಷಿಯ ಸಿಪ್ಪೆ, ಬೀಜದಲ್ಲಿ ಜಾಸ್ತಿ. ವೈನ್ ಮಾಡಿದ ಮೇಲೂ ಬಹುಪಾಲು ಹಿಂಡಿ ಉಳಿದ ಹಿಪ್ಪೆಯಲ್ಲೇ ಉಳಿಯುತ್ತವೆ. ಹಿಂಡಿದ ದ್ರಾಕ್ಷಿಯ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹಿಪ್ಪೆ! ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿ ವಿಶ್ವವಿದ್ಯಾಲಯದವರು ಇದೇ ಹಿಪ್ಪೆಯ ಸಾರವನ್ನು ಕೊಬ್ಬಿನಂಥ ವಸ್ತುವಾದ ಫಾಸ್ಫೋಲಿಪಿಡ್‌ನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ನೋಡಿದ್ದಾರೆ. ಅವರ ಕೆಲಸ ಓದಿ ನನಗೆ ಧೈರ್ಯ ಬಂತು. ನಮ್ಮಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ ಇದೆ, ಭೌಗೋಳಿಕ ಗುರುತು ಪಡೆದ ತಳಿ. ಅದರ ಹಿಪ್ಪೆಯನ್ನೇ ಹಿಡಿದೆ.

ನಂದಿ ಬೆಟ್ಟದ ಕಡೆಯ ಒಂದು ವೈನರಿಯಲ್ಲಿ ಕೇಳಿದಾಗ ಅಲ್ಲಿನ ಮೇಸ್ತ್ರಿ, "ಎಷ್ಟು ಬೇಕಾದ್ರೂ ತಗೊಂಡು ಹೋಗಿ ಮೇಡಂ, ಗೊಬ್ಬರದ ಗುಂಡಿಗೇ ತಾನೇ ಹೋಗೋದು" ಅಂದರು. ಮೊದಲ ಮೂಟೆ ಹಾಳಾಯಿತು. ಒಂದು ರಾತ್ರಿ ಗೋಣಿಚೀಲದಲ್ಲೇ ಇಟ್ಟಿದ್ದೆ. ಬೆಳಿಗ್ಗೆ ಒಳಗೆ ಕೈ ಹಾಕಿದರೆ ಬಿಸಿ, ವಿನೆಗರ್ ವಾಸನೆ. ಹಿಪ್ಪೆಯಲ್ಲಿ ಯೀಸ್ಟ್ ಇನ್ನೂ ಬದುಕಿರುತ್ತದೆ, ಸಕ್ಕರೆಯೂ ಚೂರು ಉಳಿದಿರುತ್ತದೆ. ಎರಡನೇ ಸಲ ಐಸ್ ಪೆಟ್ಟಿಗೆ ತೆಗೆದುಕೊಂಡು ಹೋದೆ. ಅದೇ ದಿನ ತಟ್ಟೆಗಳಲ್ಲಿ ತೆಳುವಾಗಿ ಹರಡಿ, 45 ಡಿಗ್ರಿ ಮೀರದಂತೆ ಒಣಗಿಸಿದೆ. ತೋಟದಲ್ಲಿ ಹೊಡೆದ ಔಷಧಿಯೂ ಸಿಪ್ಪೆಯಲ್ಲೇ ಕೂತಿರುತ್ತದೆ. ಅದಕ್ಕೆ ಏನೇನು ಸಿಂಪಡಿಸಿದ್ದಾರೆ ಅಂತ ಮೊದಲೇ ಕೇಳಿಕೊಂಡೆ, ಪುಡಿಯನ್ನು ಪರೀಕ್ಷೆಗೂ ಕಳಿಸಿದೆ. ಬಾಯಿಗೆ ಹಚ್ಚುವ ವಸ್ತುವಿಗೆ ಇದನ್ನು ಬಿಡಲೇಬಾರದು.

ಸಾರ ತೆಗೆಯುವುದು ಅಷ್ಟು ಕಷ್ಟವಲ್ಲ. 100 ಗ್ರಾಂ ಪುಡಿಗೆ ಒಂದು ಲೀಟರ್ ಎಥನಾಲ್-ನೀರು, ಸಮಪಾಲು, ಜೊತೆಗೆ ಸ್ವಲ್ಪ ಸಿಟ್ರಿಕ್ ಆಸಿಡ್. ಕತ್ತಲೆಯಲ್ಲಿ ಒಂದು ದಿನ ಕಲಕಿಸಿ, ಸೋಸಿ, 40 ಡಿಗ್ರಿಯಲ್ಲಿ ರೋಟರಿ ಇವಾಪೊರೇಟರ್‌ಗೆ ಹಾಕಿ ಎಥನಾಲ್ ತೆಗೆದೆ. ಮೆಥನಾಲ್ ಮುಟ್ಟಲಿಲ್ಲ, ಅದು ವಿಷ. ಫ್ರೀ ರಾಡಿಕಲ್ ಅಡಗುತ್ತವೆಯೇ ಎಂದು ಬಣ್ಣದಿಂದ ತಿಳಿಸುವ ಡಿಪಿಪಿಎಚ್ ಪರೀಕ್ಷೆಯಲ್ಲಿ ನೇರಳೆ ದ್ರಾವಣ ಹಳದಿಯಾಗಿ ತಿರುಗಿದ್ದನ್ನು ನೋಡಿ ಕುಣಿದಾಡುವಷ್ಟು ಖುಷಿಯಾಯಿತು. ಆದರೆ ಗಾಜಿನ ನಳಿಕೆಯಲ್ಲಿ ಬಣ್ಣ ತಿರುಗಿದ್ದು ಔಷಧಿಯಲ್ಲ, ಅಲ್ವಾ?

ನಿಜವಾದ ಕಷ್ಟ ಜೆಲ್. ಹುಣ್ಣಿನ ಮೇಲೆ ಹಚ್ಚಿದ್ದನ್ನು ಎಂಜಲು ಕ್ಷಣದಲ್ಲಿ ತೊಳೆದುಬಿಡುತ್ತದೆ. ಅಂಟಿ ಕೂರಬೇಕು. ಮೊದಲು ಜೆಲ್ ಕಟ್ಟುವ ಕಾರ್ಬೊಪಾಲ್ ಪುಡಿ ಹಾಕಿದೆ. ಅದು ಗಟ್ಟಿಯಾಗಲು ಹುಳಿ ತೆಗೆಯಬೇಕು. ಅದಕ್ಕಾಗಿ ಹಾಕಿದ ಟ್ರೈಎಥನಾಲಮೈನ್ ಹನಿ ಬೀಳುತ್ತಿದ್ದಂತೆ ಚೆಂದದ ಕೆಂಪು ಕಣ್ಣೆದುರೇ ಮಬ್ಬು ನೀಲಿಯಾಯಿತು, ಕೆಲವೇ ದಿನದಲ್ಲಿ ಕಂದು. ಸಿಪ್ಪೆಗೆ ಬಣ್ಣ ಕೊಡುವ ಆಂಥೋಸಯನಿನ್‌ಗೆ ಹುಳಿ ಬೇಕು. ಆದರೆ ಹುಳಿ ಜಾಸ್ತಿ ಇದ್ದರೆ ಹುಣ್ಣು ಉರಿಯುತ್ತದೆ. ಆಮೇಲೆ ಅಂಟುವ ಗುಣದ ಕೈಟೊಸಾನ್ ನೋಡಿದೆ. ಸಾರದಲ್ಲಿರುವ ಒಗರು ವಸ್ತು ಟ್ಯಾನಿನ್ ಅದನ್ನು ಹಿಡಿದು ಒಡೆದ ಹಾಲಿನಂತೆ ಗಂಟುಗಂಟು ಮಾಡಿತು. ಎರಡು ತಿಂಗಳು ಹೀಗೇ ಹೋಯಿತು.

ಒಂದು ದಿನ ಸುಮ್ನೆ ಬೀಜವನ್ನು ಜರಡಿ ಹಿಡಿದು ಬೇರೆ ಮಾಡಿ, ಅದರ ಸಾರವನ್ನಷ್ಟೇ ತೆಗೆದೆ. ಬಣ್ಣ ಕಂದು, ನೋಡಲು ಏನೂ ಚೆಂದವಿಲ್ಲ. ಆದರೆ ಹುಳಿ ಕಡಿಮೆ ಮಾಡಿದರೂ ಸಿಪ್ಪೆಯ ಸಾರದಷ್ಟು ಬೇಗ ಕೆಡಲಿಲ್ಲ. ಅಲ್ಲಿಯವರೆಗೆ ನಾನು ಬಣ್ಣ ಉಳಿಸಲು ಒದ್ದಾಡುತ್ತಿದ್ದೆ. ಆದರೆ ಫ್ರೀ ರಾಡಿಕಲ್ ಅಡಗಿಸಲು ನನಗೆ ಬೇಕಾಗಿದ್ದ ಪ್ರೊಆಂಥೋಸಯನಿಡಿನ್ ಎಂಬ ಟ್ಯಾನಿನ್ ಬೀಜದಲ್ಲಿ ಧಾರಾಳವಾಗಿತ್ತು. ಆ ಸಾರವನ್ನು ಸೋಯಾ ಲೆಸಿಥಿನ್ (ಇದೂ ಫಾಸ್ಫೋಲಿಪಿಡ್) ಜೊತೆ ನೀರಿನಲ್ಲಿ ಶಬ್ದದ ಅಲೆಗಳಿಂದ ಅಲುಗಿಸಿ (ಸೋನಿಕೇಟ್ ಮಾಡಿ) ಗುಳ್ಳೆಗಳಲ್ಲಿ ತುಂಬಿದೆ. ಅದನ್ನು ಸೋಡಿಯಂ ಸಿಎಂಸಿ ಎಂಬ ಸೆಲ್ಯುಲೋಸ್ ಅಂಟಿನ ಜೆಲ್‌ಗೆ ಸೇರಿಸಿದೆ. ಈ ಸಲ ಗಂಟಾಗಲಿಲ್ಲ. ಟ್ಯಾನಿನ್ನಿನ ಒಗರು ಮಾತ್ರ ಪೂರ್ತಿ ಹೋಗಿಲ್ಲ.

ಎಷ್ಟು ಹೊತ್ತು ಅಂಟಿರುತ್ತದೆ ಅಂತ ನೋಡಲು ಮೇಕೆ ಕೆನ್ನೆಯ ಒಳಚರ್ಮ ಬೇಕು. ಬೆಳಿಗ್ಗೆ ಐದೂವರೆಗೆ ಮಟನ್ ಅಂಗಡಿ ಮುಂದೆ ನಿಲ್ಲುತ್ತಿದ್ದೆ. ಅಂಗಡಿಯಣ್ಣ ಕೇಳದೆಯೇ ಐಸ್ ಹಾಕಿ ಕಟ್ಟಿಕೊಡುತ್ತಿದ್ದರು. ಆ ಚರ್ಮವನ್ನು ಗಾಜಿನ ಪಟ್ಟಿಗೆ ಅಂಟಿಸಿ, ಜೆಲ್ ಹಚ್ಚಿ, ಎಂಜಲಿನಂತೆ ಪಿಎಚ್ (ಹುಳಿಯ ಅಳತೆ) 6.8 ಇರುವ ಬಫರ್‌ನಲ್ಲಿ ಅದ್ದಿ ಎತ್ತುತ್ತಾ ಗಡಿಯಾರ ನೋಡುತ್ತಿದ್ದೆ. ಸಿಎಂಸಿ ಕಡಿಮೆಯಾದರೆ ಜೆಲ್ ಬೇಗ ಜಾರುತ್ತದೆ, ಜಾಸ್ತಿಯಾದರೆ ಹುಣ್ಣಿನ ಮೇಲೆ ಹರಡುವುದೇ ಇಲ್ಲ. ನೋಯುವ ಜಾಗಕ್ಕೆ ಒತ್ತಿ ಹಚ್ಚಲು ಯಾರಿಂದ ಆಗುತ್ತದೆ?

ಇದನ್ನು ಯಾರ ಬಾಯಿಗೂ ಹಚ್ಚಿಲ್ಲ. ಅದಕ್ಕೆ ಸುರಕ್ಷತೆಯ ಪರೀಕ್ಷೆಗಳಾಗಬೇಕು, ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ರೇಡಿಯೇಷನ್ ನಡೆಯುವಾಗ ಫ್ರೀ ರಾಡಿಕಲ್ ಅಡಗಿಸುವ ಆಂಟಿಆಕ್ಸಿಡೆಂಟ್ ಕೊಟ್ಟರೆ ಗಡ್ಡೆಗೂ ರಕ್ಷಣೆ ಸಿಗಬಹುದೇನೋ ಎಂಬ ಅನುಮಾನ ವೈದ್ಯರಿಗಿದೆ. ಅದು ನ್ಯಾಯವಾದ ಅನುಮಾನ. ಹಾಗಾಗಿ ಮಾಮೂಲಿ ಬಾಯಿ ಹುಣ್ಣಿನಿಂದ ಶುರು ಮಾಡುವುದೇ ಸರಿ ಅನ್ನಿಸಿದೆ. ದಯವಿಟ್ಟು ಯಾರೂ ಮನೆಯಲ್ಲಿ ಹಿಪ್ಪೆ ಅರೆದು ಹಚ್ಚಬೇಡಿ. ಮೂರು ವಾರ ಕಳೆದರೂ ವಾಸಿಯಾಗದ ಹುಣ್ಣಿದ್ದರೆ, ಅದರಲ್ಲೂ ಗುಟ್ಕಾ, ಹೊಗೆಸೊಪ್ಪು ಹಾಕುವವರಾಗಿದ್ದರೆ, ಮೊದಲು ವೈದ್ಯರಿಗೆ ತೋರಿಸಿ.

ದೊಡ್ಡಮ್ಮ ಈಗ ಸಾರನ್ನ ಉಣ್ಣುತ್ತಾರೆ. ರೇಡಿಯೇಷನ್ ಮುಗಿದ ಮೇಲೆ ಹುಣ್ಣು ತಾನಾಗಿ ಮಾಗಿತು. "ನಿನ್ನ ದ್ರಾಕ್ಷಿ ಔಷಧಿ ಎಲ್ಲಿಗೆ ಬಂತೇ?" ಅಂತ ಪ್ರತಿ ಫೋನಿನಲ್ಲೂ ಕೇಳುತ್ತಾರೆ. ಮೇಕೆ ಕೆನ್ನೆವರೆಗೆ ಬಂದಿದೆ ದೊಡ್ಡಮ್ಮ ಅನ್ನುತ್ತೇನೆ. ಮುಂದಿನ ಹಂಗಾಮಿಗೆ ಬೀಜವನ್ನು ವೈನರಿಯಲ್ಲೇ ಬೇರೆ ಮಾಡಿ ಕೊಡಲು ಮೇಸ್ತ್ರಿ ಒಪ್ಪಿದ್ದಾರೆ.