ಮುಪ್ಪಿನ ಗುರುತು, ಔಷಧಿಯ ಗುರುತು: ನರತಂತು ಬಿಡಿಸಿ ನೋಡಿದ ಅನುಭವ

ಪಾದ ಜೋಮು ಹಿಡಿಯುತ್ತದೆ ಎಂದು ಬರುವ ಹಿರಿಯರಿಗೆ ‘ವಯಸ್ಸಾಯಿತಲ್ಲ’ ಎಂಬ ಉತ್ತರ ಬಹಳ ಸುಲಭವಾಗಿ ಸಿಗುತ್ತದೆ. ಆ ಮಾತು ಎಷ್ಟು ನಿಜ ಎಂಬುದನ್ನು ನರದ ಚೂರಿನಲ್ಲೇ ಹುಡುಕುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ.

ಕಾಲಿನ ಹೊರಹರಡಿನ ಹಿಂದಿನಿಂದ ತೆಗೆದ ಸ್ಯೂರಲ್ ನರದ ತುಣುಕನ್ನು ಕೆಡದಂತೆ ಹಿಡಿದಿಡುವ ಗ್ಲುಟರಾಲ್ಡಿಹೈಡ್‌ನಲ್ಲಿ ನೆನೆಸಿ, ಅನಂತರ ಆಸ್ಮಿಯಂ ಟೆಟ್ರಾಕ್ಸೈಡ್‌ನಲ್ಲಿ ಇಡುತ್ತೇನೆ. ಇದರ ಆವಿ ಕಣ್ಣಿಗೆ ಅಪಾಯಕಾರಿಯಾದ್ದರಿಂದ, ಆವಿಯನ್ನು ಹೊರಗೆಳೆಯುವ ಪೆಟ್ಟಿಗೆಯಾದ ಫ್ಯೂಮ್ ಹುಡ್‌ನ ಹೊರಗೆ ಬಾಟಲಿ ತೆರೆಯುವಂತಿಲ್ಲ. ನರತಂತುವಿನ ಕೊಬ್ಬಿನ ಹೊದಿಕೆಯಾದ ಮಯಲಿನ್ ಕಪ್ಪಾದ ಮೇಲೆ, ಗ್ಲಿಸರಿನ್‌ನಲ್ಲಿ ಮೆತ್ತಗಾದ ಕಟ್ಟಿನಿಂದ ಒಂದೊಂದೇ ತಂತುವನ್ನು ಚಿಮುಟದಿಂದ ಬಿಡಿಸಿ ಸ್ಲೈಡಿನ ಮೇಲೆ ಮಲಗಿಸಬೇಕು. ತುದಿಯನ್ನಷ್ಟೇ ಹಿಡಿಯಬೇಕು, ನಡುವೆ ಹಿಡಿದರೆ ಚಿಮುಟದ ಗಾಯವೇ ರೋಗದಂತೆ ಕಾಣುತ್ತದೆ.

ಆರೋಗ್ಯವಂತ ಯುವಕರ ತಂತುವಿನಲ್ಲಿ ರಾನ್ವಿಯೆ ಗಂಟುಗಳ (ಮಯಲಿನ್ ಹೊದಿಕೆ ಬಿಟ್ಟುಹೋಗಿರುವ ಕಿರುಜಾಗಗಳ) ನಡುವಿನ ಅಂತರ ಬಹುಮಟ್ಟಿಗೆ ಸಮನಾಗಿದ್ದು, ದಪ್ಪ ತಂತುಗಳಲ್ಲಿ 1 ಮಿಲಿಮೀಟರ್‌ನಷ್ಟೂ ಇರುತ್ತದೆ. ಮುಪ್ಪಿನಲ್ಲಿ ದಪ್ಪ ತಂತುಗಳು ಕಡಿಮೆಯಾಗುತ್ತವೆ. ಉಳಿದವುಗಳಲ್ಲಿ ಮಯಲಿನ್ ಅಲ್ಲಲ್ಲಿ ಕಳಚಿ ಮತ್ತೆ ಮೂಡಿರುವುದರಿಂದ, ಒಂದೇ ತಂತುವಿನಲ್ಲಿ ಉದ್ದನೆಯ ಅಂತರದ ಪಕ್ಕದಲ್ಲೇ ತೆಳು ಹೊದಿಕೆಯ ಗಿಡ್ಡ ಅಂತರ ಕಾಣಿಸುತ್ತದೆ. ಕ್ಯಾನ್ಸರ್ ಔಷಧಿಯಾದ ವಿನ್‌ಕ್ರಿಸ್ಟೀನ್ ಮಾಡುವ ಹಾನಿ ಬೇರೆ ಬಗೆಯದು. ಅದು ತಂತುವಿನ ಒಳತಿರುಳಾದ ಆಕ್ಸಾನಿನಲ್ಲಿ ಸಾಗಣೆಯ ಹಳಿಗಳಂತಿರುವ ಮೈಕ್ರೊಟ್ಯೂಬ್ಯೂಲ್‌ಗಳನ್ನು ಕೆಡಿಸಿ ಒಳಗಿನ ಸಾಗಣೆಯನ್ನೇ ತಡೆಯುವುದರಿಂದ, ಅತಿ ಉದ್ದದ ತಂತುಗಳ ತುದಿ ಮೊದಲು ನಾಶವಾಗುತ್ತದೆ. ಸ್ಲೈಡಿನಲ್ಲಿ ಮಯಲಿನ್ ಕರಿಮಣಿ ಸರದಂತೆ ಉಂಡೆಗಳ ಸಾಲಾಗಿರುತ್ತದೆ. ಹೀಗೆ ನಾಶವಾಗಿ ಮತ್ತೆ ಬೆಳೆದ ತಂತುವಿನಲ್ಲೂ ಅಂತರಗಳು ಗಿಡ್ಡವೇ, ಆದರೆ ಉದ್ದಕ್ಕೂ ಒಂದೇ ಸಮ, ಸುಮಾರು 300 ಮೈಕ್ರೊಮೀಟರ್. ಆದ್ದರಿಂದ ಅಂತರ ಗಿಡ್ಡವೇ ಎಂಬುದಕ್ಕಿಂತ ಸಮವೇ ಅಸಮವೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ ವಿನ್‌ಕ್ರಿಸ್ಟೀನ್ ಪಡೆಯುತ್ತಿದ್ದ ಹಿರಿಯರೊಬ್ಬರ ಕಾಲು ಸೋತಾಗ, ಕ್ಯಾನ್ಸರ್ ನರದೊಳಗೆ ಇಳಿದಿರಬಹುದೆಂಬ ಅನುಮಾನದಿಂದ ಬಯಾಪ್ಸಿ ಬಂದಿತ್ತು. ಅಡ್ಡಸೀಳುಗಳಲ್ಲಿ ಲಿಂಫೋಮಾದ ಕೋಶಗಳಿರಲಿಲ್ಲ. ಬಿಡಿಸಿದ ತಂತುಗಳಲ್ಲಿ ಕೆಲವು ಅಸಮ ಅಂತರಗಳನ್ನು ತೋರಿದವು. ಅದು ಆ ವಯಸ್ಸಿಗೆ ಸಹಜವಾದದ್ದು. ಆದರೆ ಹೆಚ್ಚಿನವುಗಳಲ್ಲಿ ಉಂಡೆಗಳ ಸಾಲೇ ಇತ್ತು, ಮುಪ್ಪೊಂದೇ ಅಷ್ಟನ್ನು ಮಾಡುವುದಿಲ್ಲ. ‘ವಯೋಸಹಜ ಬದಲಾವಣೆ’ ಎಂದು ವರದಿ ಮುಗಿಸಿದ್ದರೆ ಔಷಧಿ ಅದೇ ಪ್ರಮಾಣದಲ್ಲಿ ಮುಂದುವರಿಯುತ್ತಿತ್ತು. ನಾನು ಎರಡನ್ನೂ ಬೇರೆಬೇರೆಯಾಗಿ ಬರೆದು, ಚಿಕಿತ್ಸೆ ನೀಡುತ್ತಿದ್ದ ವೈದ್ಯರೊಂದಿಗೆ ಮಾತನಾಡಿದೆ. ವಿನ್‌ಕ್ರಿಸ್ಟೀನ್ ನಿಲ್ಲಿಸಿದ ಮೇಲೂ ಕೆಲವು ವಾರ ತೊಂದರೆ ಹೆಚ್ಚಬಹುದೆಂಬುದನ್ನು ಮನೆಯವರಿಗೆ ಮೊದಲೇ ತಿಳಿಸುವಂತೆಯೂ ಅವರನ್ನು ಕೇಳಿಕೊಂಡೆ.