ಗಾಡಿ ಖರ್ಚು ಟ್ಯಾಕ್ಸ್ ಲೆಕ್ಕದಾಗ ಹಿಡಿಯೋದು: ಬೋರ್ ಮೋಟಾರ್ ಕೆಲಸದವನ ಅನುಭವ

ನಂದು ಹುಬ್ಬಳ್ಳ್ಯಾಗ ಬೋರ್ ಮೋಟಾರ್ ರಿಪೇರಿ, ರಿವೈಂಡಿಂಗ್ ಕೆಲಸ. ಅಂಗಡಿ ಊರಾಗ ಇದ್ರೂ ಗಿರಾಕಿಗಳು ಕುಂದಗೋಳ, ಅಣ್ಣಿಗೇರಿ, ಶಿರಹಟ್ಟಿ ಕಡೆ ಹೊಲದಾಗ, ಹಂಗಾಗಿ ಪೈಪು ಕೇಬಲ್ ಹೇರ್ಕೊಂಡು ಟಾಟಾ ಏಸ್ ದಿನಾ ಓಡಲೇಬೇಕು. ನಮ್ಮಂಥ ಕೆಲಸದಾಗ ರೊಕ್ಕ ಹೆಚ್ಚು ತಿನ್ನೋದು ಗಾಡಿನ, ಆದ್ರ ಭಾಳ ಮಂದಿ ಅದನ್ನ ಲೆಕ್ಕಕ್ಕ ಹಿಡಿಯೋದ ಇಲ್ಲ.

ಮೊದಲು ನೋಡೋದು ರಿಟರ್ನ್ ಯಾವ ಪದ್ಧತಿಯಾಗ ಹಾಕ್ತೀರಿ ಅಂತ. 2025-26ರ ತನಕದ ಲೆಕ್ಕಕ್ಕ 44ಎಡಿ (1961ರ ಆದಾಯ ತೆರಿಗಿ ಕಾಯ್ದೆದ ಕಲಂ) ಅನ್ನೋ ಅಂದಾಜು ಲಾಭದ ಪದ್ಧತಿಯಾಗ ನಗದು ವ್ಯಾಪಾರಕ್ಕ ಕಡಿಮಿ ಅಂದ್ರ 8 ಪರ್ಸೆಂಟ್, ಬ್ಯಾಂಕ್ ಮತ್ತ ಯುಪಿಐನಿಂದ ಬಂದಿದ್ದಕ್ಕ 6 ಪರ್ಸೆಂಟ್ ಲಾಭ ಅಂತ ತೋರಿಸಿದ್ರ ಆತು, ಆದ್ರ ಅದ್ರಾಗ ಪೆಟ್ರೋಲ್ ಆಗ್ಲಿ ಸವಕಳಿ (ಗಾಡಿ ಹಳೇದಾದಂಗ ಇಳಿಯೋ ಬೆಲಿ) ಆಗ್ಲಿ ಬ್ಯಾರೆ ಕಳ್ಯಾಕ ಬರಂಗಿಲ್ಲ. ನನಗ ಪಂಪ್ ಅಂಗಡಿಯವ್ರಿಂದ ಕಮಿಷನ್ ಬರತೈತಿ, ಕಮಿಷನ್ ಆದಾಯ ಇದ್ದವ್ರಿಗೆ ಆ ಪದ್ಧತಿನ ಇಲ್ಲ, ಅದಕ್ಕ ನಾ ಪೂರ್ತಿ ಲೆಕ್ಕ ಬರದು ಐಟಿಆರ್-3 ಅನ್ನೋ ರಿಟರ್ನ್ ಫಾರ್ಮ್ ಹಾಕ್ತೀನಿ. ಗಾಡಿ ಖರ್ಚು ಕೆಲಸಕ್ಕ ಬರೋದು ಇಲ್ಲೇ.

ಕಿಲೋಮೀಟರಿಗೆ ಇಷ್ಟು ರೂಪಾಯಿ ಅಂತ ಹಿಡಿಬಹುದಾ ಅಂತ ಕೇಳ್ತಾರ. ಇಲ್ಲರೀ, ಸ್ವಂತ ಧಂದೆದವ್ರಿಗೆ ಅಂಥ ರೇಟ್ ಇಲ್ಲ, ನಿಜವಾಗಿ ಆದ ಖರ್ಚಷ್ಟೇ, ಅದ್ರಾಗೂ ಧಂದೆಕ್ಕ ಓಡಿದ ಪಾಲು ಮಾತ್ರ. ಅದಕ್ಕ ಗಾಡ್ಯಾಗ ಒಂದು ನೋಟ್‌ಬುಕ್ ಇಟ್ಟೀನಿ, ತಾರೀಖು, ಹೊಂಟಾಗಿನ ಮೀಟರ್, ಬಂದಾಗಿನ ಮೀಟರ್, ಯಾವ ಊರು, ಯಾರ ಹೊಲದ ಕೆಲಸ, ಇಷ್ಟ ಬರಿಯೋದು. ಮನಿ ಮಂದಿನ ಕರ್ಕೊಂಡು ಸವದತ್ತಿ ಗುಡ್ಡಕ್ಕ ಹೋದ್ರ ಅದನ್ನೂ ಬರೀತೀನಿ, ಸ್ವಂತದ್ದು ಅಂತ. ಸ್ವಂತದ ಓಡಾಟ ಇರೋ ಪುಸ್ತಕಾನ ಮಂದಿ ನಂಬ್ತಾರ.

ಲೆಕ್ಕ ತಿಳಿಲಿ ಅಂತ ಒಂದು ಉದಾಹರಣೆ ಹೇಳ್ತೀನಿ. ವರ್ಷಕ್ಕ ಗಾಡಿ 20,000 ಕಿಲೋಮೀಟರ್ ಓಡೇತಿ, ಅದ್ರಾಗ 16,000 ಕೆಲಸಕ್ಕ, ಅಂದ್ರ 80 ಪರ್ಸೆಂಟ್. ಪೆಟ್ರೋಲ್, ಸರ್ವಿಸ್, ಟೈರ್, ಇನ್ಶೂರೆನ್ಸ್, ಲೋನಿನ ಬಡ್ಡಿ ಎಲ್ಲಾ ಸೇರಿ 2 ಲಕ್ಷ. ಲೋನಿನ ಅಸಲು ಖರ್ಚಲ್ಲ, ಬಡ್ಡಿ ಅಷ್ಟೇ. ಗಾಡಿ ಬೆಲಿ 5 ಲಕ್ಷ ಇದ್ರ 15 ಪರ್ಸೆಂಟ್ ಸವಕಳಿ 75,000, ಮುಂದಿನ ವರ್ಷ ಉಳಿದ ಬೆಲಿ ಮ್ಯಾಲೆ (ತಗೊಂಡ ವರ್ಷ 180 ದಿನಕ್ಕಿಂತ ಕಡಿಮಿ ಓಡಿಸಿದ್ರ ಅರ್ಧ ಅಷ್ಟೇ ಸಿಗತೈತಿ). 30 ಪರ್ಸೆಂಟ್ ಸವಕಳಿ ಬಾಡಿಗಿಗೆ ಓಡೋ ಗಾಡಿಗೆ, ನಮಗಲ್ಲ. ಒಟ್ಟು 2,75,000, ಅದ್ರ 80 ಪರ್ಸೆಂಟ್ 2,20,000.

12 ಲಕ್ಷದ ತನಕ ಟ್ಯಾಕ್ಸ್ ಇಲ್ಲಲ್ಲ, ಮತ್ತ ಯಾಕ ಈ ತ್ರಾಸು ಅಂತ ಗೆಳೆಯಾರು ಅಂತಾರ. ಆ 12 ಲಕ್ಷ ಲೆಕ್ಕ ಹಾಕೋದು ಖರ್ಚು ಕಳದು ಉಳಿದ ಆದಾಯದ ಮ್ಯಾಲೆ ರೀ. ಗಾಡಿ ಖರ್ಚು ಹಿಡೀಲಾರದ ಬಿಟ್ರ ಲಾಭ 13.5 ಲಕ್ಷ ಅಂತ ಅನ್ಕೊಳ್ರಿ, 2025-26ರ ಹೊಸ ಟ್ಯಾಕ್ಸ್ ಪದ್ಧತಿಯಾಗ ಸೆಸ್ ಸೇರಿ 85,800 ಟ್ಯಾಕ್ಸ್. ಅದ 2,20,000 ಕಳದ್ರ 11.3 ಲಕ್ಷ, ಟ್ಯಾಕ್ಸ್ ಸೊನ್ನೆ. ಹೊಸ ಪದ್ಧತಿಯಾಗ 80ಸಿ (ಉಳಿತಾಯ, ಇನ್ಶೂರೆನ್ಸಿಗೆ ಸಿಗೋ ರಿಯಾಯ್ತಿ) ಇಲ್ಲ ಅಂದ್ರೂ ಧಂದೆದ ಖರ್ಚು ಕಳಿಯೋದಕ್ಕ ಅಡ್ಡಿ ಇಲ್ಲ, ಇದನ್ನ ನಮ್ಮ ಮಂದಿ ಖರೇನ ತಿಳ್ಕೋಬೇಕು.

ಬಂಕಿನ್ಯಾಗ ಉದ್ರಿ ಹಚ್ಚಿ ತಿಂಗಳಿಗೊಮ್ಮೆ ಕೊಡೋರು ನೋಡ್ಕೊಳ್ರಿ, ಒಬ್ಬರಿಗೆ ಒಂದ ದಿನ 10,000ಕ್ಕಿಂತ ಹೆಚ್ಚು ನಗದು ಕೊಟ್ರ ಆ ಖರ್ಚು ಹಿಡಿಯಂಗಿಲ್ಲ, ಯುಪಿಐ ಇಲ್ಲಾ ಚೆಕ್ ಕೊಡ್ರಿ. ಗಾಡಿ ಡೌನ್ ಪೇಮೆಂಟಿಗೂ ಹಂಗ, ನಗದು ಕೊಟ್ಟಿದ್ದು ಬೆಲ್ಯಾಗ ಸೇರಂಗಿಲ್ಲ, ಸವಕಳಿನೂ ಸಿಗಂಗಿಲ್ಲ. ಜಿಎಸ್‌ಟಿ ರೆಗ್ಯುಲರ್ ನೋಂದಣಿ ಇದ್ದವ್ರು ಟೈರ್, ಸರ್ವಿಸ್ ಬಿಲ್ಲಿಗೆ ನಿಮ್ಮ ನಂಬರ್ ಹಾಕ್ಸ್ರಿ, ಸಾಮಾನು ಹೇರೋ ಗಾಡಿಗೆ ಕ್ರೆಡಿಟ್ (ಬಿಲ್ಲಿನ್ಯಾಗ ಕೊಟ್ಟ ಟ್ಯಾಕ್ಸ್ ನಾವು ಕಟ್ಟೋದ್ರಾಗ ಕಳಿಯೋದು) ಸಿಗತೈತಿ, ಕಾರಿಗೆ ಇಲ್ಲ. ಪೆಟ್ರೋಲಿಗೆ ಜಿಎಸ್‌ಟಿನ ಇಲ್ಲ. ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸಿಗಷ್ಟೇ ಇರೋ ಲೇನಿನ್ಯಾಗ ಹೊಕ್ಕು ದಂಡ ಬಿದ್ರ ಅದು ಖರ್ಚಲ್ಲ.

ಪೆಟ್ರೋಲ್ ಚೀಟಿ ಮ್ಯಾಲಿನ ಅಕ್ಷರ ಲಗೂನ ಅಳಸ್ತಾವು, ಅವತ್ತಿಂದವತ್ತ ಫೋಟೋ ಹೊಡ್ಕೊಳ್ರಿ. ಮಾರ್ಚ್ 31ರ ಸಂಜಿಗೆ ಮೀಟರಿಂದೂ ಒಂದು ಫೋಟೋ ಬೇಕು, ಹೊಸ ವರ್ಷದ ಲೆಕ್ಕ ಅದ ನಂಬರಿನಿಂದ ಚಾಲೂ ಆಗತೈತಿ.