ಗೀಸರ್ ರಿಪೇರಿಗೆ 5,600 ರೂಪಾಯಿ ನ್ಯಾಯವೇ? ನಾನು ಲೆಕ್ಕ ಹಾಕಿದ ರೀತಿ

ಬೆಂಗಳೂರಿನ ನಮ್ಮ ಮನೆಯ 25 ಲೀಟರಿನ, 2,000 ವ್ಯಾಟಿನ ಗೀಸರು ಹೋದ ಡಿಸೆಂಬರಿನಲ್ಲಿ ಕೈಕೊಟ್ಟಾಗ ಬಂದ ಮೆಕ್ಯಾನಿಕ್, ಮುಚ್ಚಳ ಬಿಚ್ಚಿ ಟೆಸ್ಟರ್ ತಾಗಿಸಿ, ಐದೇ ನಿಮಿಷದಲ್ಲಿ ನೀರು ಕಾಯಿಸುವ ಎಲಿಮೆಂಟ್ ಹೋಗಿದೆ, ಇಟ್ಟ ಬಿಸಿಗೆ ಕರೆಂಟ್ ಕಡಿಯುವ ಥರ್ಮೋಸ್ಟಾಟ್ ಹೋಗಿದೆ, ಟ್ಯಾಂಕಿಗೆ ಸುಣ್ಣ ತೆಗೆಯುವ ಆಸಿಡ್ ವಾಶ್ ಬೇಕು, ಎಲ್ಲ ಸೇರಿ 5,600 ರೂಪಾಯಿ ಎಂದು ಚೀಟಿ ಬರೆದುಕೊಟ್ಟರು. ಹೊಸ ಗೀಸರೇ ಎಂಟೊಂಬತ್ತು ಸಾವಿರಕ್ಕೆ ಸಿಗುತ್ತದೆ. ಚೀಟಿಯ ಮೊತ್ತಕ್ಕೆ ಚೌಕಾಸಿ ಮಾಡುವ ಮೊದಲು ಅದರಲ್ಲಿ ಬರೆದ ಕಾಯಿಲೆ ನಿಜವೇ ಎಂದು ನಾವೇ ಅಳೆದು ನೋಡಬೇಕು ಎಂಬುದು ನನ್ನ ಹಳೆಯ ಹಟ. ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಎಂದು ಭಾವಮೈದುನ ಗೇಲಿ ಮಾಡುತ್ತಲೇ ಬಂದಿದ್ದ.

ಗೇಲಿಗೆ ಕಾರಣವೂ ಇತ್ತು. ನಾಲ್ಕೈದು ವರ್ಷಗಳ ಹಿಂದೆ ಹಿರಿಯ ಮೆಕ್ಯಾನಿಕ್ ಒಬ್ಬರು ಎಲಿಮೆಂಟ್ ಲೀಕೇಜ್ ಇದೆ, 1,400 ಆಗುತ್ತದೆ ಎಂದಾಗ, ನಾನು ಮಲ್ಟಿಮೀಟರಿನಲ್ಲಿ ಸರಿಯಿರುವ ಎಲಿಮೆಂಟಿಗೆ ಇರಬೇಕಾದ 26 ಓಮ್ ತೋರಿಸಿ, ಎಲಿಮೆಂಟಿನಿಂದ ಗೀಸರಿನ ಲೋಹದ ಮೈಗೆ ಕರೆಂಟ್ ಹರಿಯುವ ದಾರಿಯೇ ಇಲ್ಲವೆಂದು ಸಾಧಿಸಿ, ಅವರನ್ನು ಬರಿಗೈಯಲ್ಲಿ ಕಳಿಸಿದ್ದೆ. ಸ್ವಿಚ್ ಹಾಕಿದ ಹತ್ತು ನಿಮಿಷಕ್ಕೆ, ನೀರು ಬಿಸಿಯೇರುವ ಹೊತ್ತಿಗೆ ಸರಿಯಾಗಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಟ್ರಿಪ್ ಆಗುತ್ತಿತ್ತು. ಆರ್‌ಸಿಸಿಬಿಯನ್ನೇ ಅನುಮಾನಿಸಿ ಹೊಸದನ್ನು ಹಾಕಿಸಿ ಸುಮಾರು 2,000 ಕಳೆದುಕೊಂಡೆ. ಕೊನೆಗೆ ಎಸ್.ಪಿ. ರಸ್ತೆಯಲ್ಲಿ ಕರೆಂಟ್ ಸೋರಿಕೆಯನ್ನು ಹೆಚ್ಚು ವೋಲ್ಟೇಜಿನಲ್ಲಿ ಪರೀಕ್ಷಿಸುವ, ಹಳೆಯ 500 ವೋಲ್ಟಿನ ಮೆಗ್ಗರ್ ಒಂದನ್ನು, 1,800 ಕೊಟ್ಟ ನೆನಪು, ಕೊಂಡು ತಂದು ತಿರುಗಿಸಿದಾಗ ಮುಳ್ಳು ಸೊನ್ನೆಯ ಪಕ್ಕದಲ್ಲೇ ನಿಂತಿತು. ಮಲ್ಟಿಮೀಟರಿನ ಪುಟ್ಟ ಬ್ಯಾಟರಿಗೆ ಕಾಣದ ಸೋರಿಕೆ ಅದು. ಆ ಹಿರಿಯರು ಹೇಳಿದ ಕಾಯಿಲೆಯೂ ನಿಜವಾಗಿತ್ತು, ಕೇಳಿದ ಬೆಲೆಯೂ ನ್ಯಾಯವಾಗಿತ್ತು.

ಈ ಸಲ ಎಂಸಿಬಿ ಇಳಿಸಿ, ಅಂದರೆ ಗೀಸರಿನ ಕರೆಂಟ್ ಕಡಿದು, ಮಲ್ಟಿಮೀಟರು ಮೆಗ್ಗರು ಎರಡರಲ್ಲೂ ಅಳೆದೆ. ಎಲಿಮೆಂಟ್ 27 ಓಮ್, ಮೆಗ್ಗರಿನಲ್ಲಿ 20 ಮೆಗಾಓಮಿಗೂ ಮೇಲೆ, ಸೋರಿಕೆಯ ಸುಳಿವೇ ಇಲ್ಲ. ಎಂದರೆ ಚೀಟಿಯ ಮೊದಲ ಸಾಲೇ ಸುಳ್ಳು. ನೀರು ಮಿತಿಮೀರಿ ಕಾದರೆ ಕರೆಂಟ್ ಕಡಿಯುವ ಥರ್ಮಲ್ ಕಟ್‌ಔಟಿನ ಗುಂಡಿ ಮಾತ್ರ ಹೊರಗೆ ಬಂದಿತ್ತು. ಒತ್ತಿದೊಡನೆ ನೀರು ಕಾಯತೊಡಗಿತು. ಇಲ್ಲಿಗೇ ನಿಲ್ಲಿಸಿದವರು ಮೂರನೆಯ ದಿನ ಮತ್ತೆ ತಣ್ಣೀರು ಸುರಿದುಕೊಳ್ಳುತ್ತಾರೆ, ಏಕೆಂದರೆ ಕಟ್‌ಔಟ್ ಸುಮ್ಮನೆ ಬೀಳುವುದಿಲ್ಲ. 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೆ ಏರಲು ಒಂದು ಯೂನಿಟ್ ಕರೆಂಟ್, ಅಂದರೆ 2,000 ವ್ಯಾಟಿಗೆ ಅರ್ಧ ಗಂಟೆ ಸಾಕು. ನಮ್ಮದು 60ಕ್ಕೆ ಇಟ್ಟಿದ್ದರೂ 50 ನಿಮಿಷದವರೆಗೆ ದೀಪ ಆರಲಿಲ್ಲ, ನಲ್ಲಿಯ ನೀರು ಅಡುಗೆಮನೆಯ ಥರ್ಮಾಮೀಟರಿನಲ್ಲಿ 80 ದಾಟಿತು. ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಅಂಟಿಕೊಂಡಿತ್ತು. ಮೆಕ್ಯಾನಿಕ್ ಹೇಳಿದ ಮೂರರಲ್ಲಿ ಒಂದು ನಿಜವಾಯಿತು.

ಆಸಿಡ್ ವಾಶ್ ವಿಷಯದಲ್ಲಿ ನನಗೆ ಕುತೂಹಲವಿತ್ತು, ಬೋರ್‌ವೆಲ್ ನೀರಿನ ಮನೆಗಳಲ್ಲಿ ಅದನ್ನು ಕರೆಂಟ್ ಬಿಲ್ಲು ಇಳಿಯುತ್ತದೆ ಎಂದು ಹೇಳಿಯೇ ಮಾರುತ್ತಾರೆ. ಹೊಸ ಥರ್ಮೋಸ್ಟಾಟ್ ಹಾಕಿ, ತೊಳೆಯುವ ಮೊದಲು ಸಮಯ ಅಳೆದೆ: 31 ನಿಮಿಷ. ಎಲಿಮೆಂಟನ್ನು ಟ್ಯಾಂಕಿಗೆ ಬಿಗಿದಿರುವ ತಟ್ಟೆ, ಅಂದರೆ ಫ್ಲ್ಯಾಂಜ್ ಬಿಚ್ಚಿದರೆ ಎಲಿಮೆಂಟಿನ ಸುತ್ತ ಮೊಟ್ಟೆಯ ಸಿಪ್ಪೆಗಿಂತ ದಪ್ಪನೆಯ ಸುಣ್ಣ. ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ, ಬೆರಳಿನ ದಪ್ಪವಿರಬೇಕಾದ ಆನೋಡ್ ಕಡ್ಡಿ ಕರಗಿ ತಂತಿ ಮಾತ್ರ ಉಳಿದಿತ್ತು, ಚೀಟಿಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅಜ್ಜಿ ಹಂಡೆ ಬೆಳಗುತ್ತಿದ್ದ ಹುಣಸೆಹುಳಿಯಲ್ಲಿ ಎಲಿಮೆಂಟನ್ನು ರಾತ್ರಿಯಿಡೀ ಮುಳುಗಿಸಿಟ್ಟೆ, ತಾಮ್ರ ಹೊಳೆಯಿತು, ಸುಣ್ಣ ಅಲ್ಲಾಡಲಿಲ್ಲ. ಬಿಸಿನೀರಿಗೆ ಹಾಕಿದ ನಿಂಬೆಉಪ್ಪು ಎರಡು ಮೂರು ಗಂಟೆಯಲ್ಲಿ ನೊರೆಯೆಬ್ಬಿಸಿ ಎಲ್ಲವನ್ನೂ ಕಳಚಿತು. ಮೆಕ್ಯಾನಿಕ್ ಬಂದು ಎಲ್ಲವನ್ನೂ ಮತ್ತೆ ಕೂರಿಸಿದ ಮೇಲೆ ಅಳೆದರೆ 30 ನಿಮಿಷ! ಸುಣ್ಣದೊಳಗೆ ಎಲಿಮೆಂಟ್ ಬೆಂದು ಬೇಗ ಸಾಯುತ್ತದೆ ಎನ್ನುವುದು ಸರಿ, ಆದರೆ ಅದರ ಶಾಖವೆಲ್ಲ ಹೋಗುವುದು ನೀರಿಗೇ ಆದ್ದರಿಂದ ಬಿಲ್ಲು ಇಳಿಯುವುದಿಲ್ಲ.

ಇನ್ನು ಹಣ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಗಡಿಯಲ್ಲಿ ಥರ್ಮೋಸ್ಟಾಟಿಗೆ 320, ಆನೋಡಿಗೆ 280, ಫ್ಲ್ಯಾಂಜಿನಲ್ಲಿ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ಟಿಗೆ 60, ನಿಂಬೆಉಪ್ಪಿಗೆ 50ರ ಸುಮಾರು ಆಯಿತು. ಕೂಲಿಯನ್ನು ನಾನು ಮೊದಲ ಗಂಟೆಗೆ 400, ಆಮೇಲಿನ ಗಂಟೆಗೆ 250 ಎಂದು ಹಿಡಿಯುತ್ತೇನೆ. ಇದು ನಮ್ಮ ಕಡೆಯ ಪ್ಲಂಬರ್, ಎಲೆಕ್ಟ್ರಿಷಿಯನ್‌ಗಳಿಗೆ ಕೊಟ್ಟು ಕೊಟ್ಟು ಬಂದ ಅಂದಾಜು. ಎರಡು ಗಂಟೆಯ ಕೂಲಿ 650, ಎಲ್ಲ ಸೇರಿ 1,360. ಗ್ಯಾಸ್ಕೆಟ್ ಕೂರಿಸುವ ಕೆಲಸಕ್ಕೆ ನಾನು ಕೈಹಾಕುವುದಿಲ್ಲ, ಹಿಂದೊಮ್ಮೆ ಹಳೆಯ ಗ್ಯಾಸ್ಕೆಟ್ಟನ್ನೇ ಮತ್ತೆ ಬಿಗಿದು ಕೆಳಮನೆಯವರ ಪಿಒಪಿ ಸೀಲಿಂಗಿಗೆ 2,200 ತೆತ್ತಿದ್ದೇನೆ. ಅದೇ ಮೆಕ್ಯಾನಿಕ್ಕನ್ನು ಕರೆಸಿ, ಅಳತೆಗಳನ್ನು ತೋರಿಸಿ, ಸಾಮಾನು ನನ್ನದು, ಕೂಲಿ 800 ಎಂದೆ, ನನ್ನ ಲೆಕ್ಕಕ್ಕಿಂತ ತುಸು ಹೆಚ್ಚೇ. ಅವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಕೆಲಸ ಮುಗಿಸಿಕೊಟ್ಟರು.

ಮೆಕ್ಯಾನಿಕ್ ಮನೆಗೆ ಬರುವ ಮೊದಲೇ ಫೋನಿನಲ್ಲಿ ನಾನು ಕೇಳುವ ಪ್ರಶ್ನೆಯೊಂದಿದೆ, ಉತ್ತರದಿಂದಲೇ ಅರ್ಧ ತೀರ್ಮಾನವಾಗುತ್ತದೆ. ಅದನ್ನು ಇಲ್ಲಿ ಬರೆದರೆ ಎಲ್ಲರೂ ಸರಿಯುತ್ತರ ಕಲಿತುಬಿಡುತ್ತಾರೆ, ಆದ್ದರಿಂದ ನನ್ನಲ್ಲೇ ಇರಲಿ. ಟ್ಯಾಂಕೇ ತೂತಾಗಿದ್ದರೆ, ಅಥವಾ ಗೀಸರಿಗೆ ಎಂಟು ವರ್ಷ ದಾಟಿ ರಿಪೇರಿ ಹೊಸದರ ಮೂರನೇ ಒಂದು ಭಾಗ ಮೀರಿದರೆ, ನಾನು ಅಳೆಯಲೂ ಹೋಗುವುದಿಲ್ಲ.

ಕಳೆದ ತಿಂಗಳು ಭಾವಮೈದುನ ತನ್ನ ಮನೆಯ 3,900ರ ಚೀಟಿಯ ಫೋಟೋ ಕಳಿಸಿ, ಏನು ಮಾಡಲಿ ಎಂದು ಕೇಳಿದ. ಮೆಗ್ಗರ್ ಒಯ್ಯಲು ಭಾನುವಾರ ಬಾ ಎಂದೆ.